ಥಂಡಿ ಬರುವ ಮುಂಚೆ: ಸಂತೆ, ಸಾಮಾನು, ಮನೆ – ವಿಜಯಪುರ ಸೀಮೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ದಸರೆಯ ಬನ್ನಿ ಹಂಚಿ ಮುಗಿಯುವಷ್ಟರಲ್ಲಿ ನಮ್ಮ ಕಡೆ ಬೆಳಗಿನ ಗಾಳಿ ಬದಲಾಗಿರುತ್ತದೆ. ಅಲ್ಲಿಂದ ಸಂಕ್ರಾಂತಿಯವರೆಗೆ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ವರ್ಗವಾಗಿ ಬಂದವರು ಕೇಳುತ್ತಾರೆ, ಹೊಸದಾಗಿ ಸಂಸಾರ ಹೂಡಿದವರು ಕೇಳುತ್ತಾರೆ, ಬಾಡಿಗೆ ಕೋಣೆಯ ಹುಡುಗರೂ ಕೇಳುತ್ತಾರೆ. ಉತ್ತರಗಳು ವಿಜಯಪುರವನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಬರೆದವು. ಬಾಗಲಕೋಟೆಗೂ ಬಹುಪಾಲು ಹೊಂದುತ್ತವೆ. ಬೆಳಗಾವಿಯವರಿಗೆ ಬೇರೆ ಪ್ರಶ್ನೆಯೇ ಇದೆ.

ವಿಜಯಪುರ ಬಿಸಿಲೂರು ಅಲ್ವಾ? ಚಳಿಗೆಂದು ತಯಾರಿ ಯಾಕೆ?

ಮೇ ತಿಂಗಳಲ್ಲಿ ನೋಡಿ ಹೋದವರ ಪ್ರಶ್ನೆ ಇದು. ಡಿಸೆಂಬರಿನಲ್ಲಿ ಮಧ್ಯಾಹ್ನ ಇಲ್ಲಿ 30 ಡಿಗ್ರಿ ಆಸುಪಾಸು ಇರುತ್ತದೆ, ಅಂಗಿ ತೋಳು ಮಡಚುವ ಹಾಗಿರುತ್ತದೆ. ಅದೇ ದಿನ ನಸುಕಿನಲ್ಲಿ 12-14 ಡಿಗ್ರಿ. ಕೆಲವು ವರ್ಷ 10ಕ್ಕಿಂತ ಕೆಳಗೂ ಇಳಿಯುತ್ತದೆ. ಸಮುದ್ರ ದೂರ, ಗಾಳಿ ಒಣ, ರಾತ್ರಿ ಆಕಾಶದಲ್ಲಿ ಮೋಡ ಇಲ್ಲ. ಹಗಲು ಹೀರಿದ ಬಿಸಿಯನ್ನೆಲ್ಲ ನೆಲ ರಾತ್ರಿ ಬಿಟ್ಟುಕೊಡುತ್ತದೆ. ಹೀಗಾಗಿ ಇಲ್ಲಿಯ ಥಂಡಿ ರಾತ್ರಿಯದ್ದು ಮತ್ತು ನಸುಕಿನದ್ದು. ಹಗಲು ಬಿಸಿಲು ಪುಕ್ಕಟೆ ಸಿಗುತ್ತದೆ. ಮನೆಯ ತಯಾರಿ ಎಲ್ಲ ಈ ಎರಡರ ನಡುವಿನ ಲೆಕ್ಕವೇ.

ದೀಪಾವಳಿಗೇ ವರ್ಷದ ಜೋಳ, ಬೇಳೆ ಎಲ್ಲ ತುಂಬಿಸಿಕೊಳ್ಳಬಹುದಾ?

ಬೇಡ. ಜಾಸ್ತಿ ಜನ ಎಡವುವುದು ಇಲ್ಲೇ. ಚಳಿಗಾಲ ಬಂತು ಎಂದರೆ ಕೂಡಿಡುವ ಕಾಲ ಎಂದುಕೊಳ್ಳುತ್ತಾರೆ. ನಮ್ಮ ಸೀಮೆಯಲ್ಲಿ ಚಳಿಗಾಲ ಹಸಿಯಾದದ್ದನ್ನು ತಿನ್ನುವ ಕಾಲ. ಕೂಡಿಡುವ ಕಾಲ ಸಂಕ್ರಾಂತಿ ದಾಟಿದ ಮೇಲೆ.

ಯಾಕೆ ಎಂದರೆ, ಇಲ್ಲಿಯ ಮುಖ್ಯ ಬೆಳೆ ಹಿಂಗಾರಿಯದು. ಬಿಳಿಜೋಳವನ್ನು ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಬಿತ್ತುತ್ತಾರೆ. ಮಳೆಗಾಲದಲ್ಲಿ ಎರಿ ಭೂಮಿ (ಕಪ್ಪು ಮಣ್ಣು) ಕುಡಿದಿಟ್ಟ ತೇವದ ಮೇಲೆಯೇ ಅದು ಬೆಳೆಯುತ್ತದೆ. ಕೊಯ್ಲು ಫೆಬ್ರವರಿ-ಮಾರ್ಚಿಗೆ. ದೀಪಾವಳಿಗೆ ಅಂಗಡಿಯಲ್ಲಿ ಸಿಗುವುದು ಏಳೆಂಟು ತಿಂಗಳ ಹಿಂದಿನ ಜೋಳ. ಆಗ ದರವೂ ಏರಿರುತ್ತದೆ, ನುಸಿಯೂ ಹತ್ತಿರಬಹುದು. ಕಡಲೆ, ಕುಸುಬೆ, ಗೋಧಿ, ಅಗಸಿ ಕಥೆಯೂ ಅಷ್ಟೇ, ಎಲ್ಲ ಜನವರಿ ಮೇಲೆ. ತೊಗರಿ ಡಿಸೆಂಬರಿಗೆ ಕೊಯ್ಲು ಶುರು, ಹೊಸ ಬೇಳೆ ಸಂಕ್ರಾಂತಿ ಸುತ್ತಮುತ್ತ. ಒಣಮೆಣಸಿನಕಾಯಿ, ಅರಿಸಿನ, ಹುಣಸೆಹಣ್ಣು ಅದಕ್ಕೂ ಆಮೇಲೆ, ಬೇಸಿಗೆಯ ಬಾಗಿಲಿಗೆ.

ಹಾಗಾದರೆ ದೀಪಾವಳಿಗೆ ಏನು ಕೊಳ್ಳಬೇಕು? ಮುಂಗಾರಿ ಮಾಲು. ಸಜ್ಜೆ, ಶೇಂಗಾ, ಎಳ್ಳು, ಹೆಸರುಕಾಳು ಆಗ ಹೊಸವು. ಇವನ್ನು ಧೈರ್ಯವಾಗಿ ಕೊಳ್ಳಿ. ಗುರೆಳ್ಳು ಸ್ವಲ್ಪ ತಡೆದು ಬರುತ್ತದೆ. ಜೋಳ ಮಾತ್ರ ಹೊಸ ಸುಗ್ಗಿಯವರೆಗೆ ಸಾಲುವಷ್ಟು ತನ್ನಿ. ಕಿಲೋ ಹಿಟ್ಟಿಗೆ ದೊಡ್ಡ ರೊಟ್ಟಿ ಹತ್ತು-ಹನ್ನೆರಡು ಆಗುತ್ತವೆ. ಎರಡು ಹೊತ್ತೂ ರೊಟ್ಟಿ ತಿನ್ನುವ ನಾಲ್ಕು ಜನರ ಮನೆಗೆ ತಿಂಗಳಿಗೆ 35-40 ಕಿಲೋ ಹಿಡಿಯಿರಿ. ಒಂದೇ ಹೊತ್ತು ಎಂದರೆ ಅರ್ಧ.

ಒಳ್ಳೆ ಜೋಳ ಗುರುತಿಸುವುದು ಹೇಗೆ?

ಕಾಳು ದುಂಡಗೆ, ಮುತ್ತಿನ ಬಣ್ಣದಲ್ಲಿ ಹೊಳೆಯಬೇಕು. ಮುಂಗಾರಿ ಜೋಳಕ್ಕೆ ಕಾಳು ಕಟ್ಟುವಾಗ ಮಳೆ ಸಿಕ್ಕು ಕಪ್ಪು ಬೂಸು ಹಿಡಿಯುತ್ತದೆ. ಹಿಂಗಾರಿ ಜೋಳ ಒಣ ಹವೆಯಲ್ಲಿ ಮಾಗುತ್ತದೆ, ಅದಕ್ಕೇ ಅಷ್ಟು ಬೆಳ್ಳಗೆ. ಅಂಗಡಿಯಲ್ಲಿ ಮಾಲದಂಡಿ ಎಂದು ಕೇಳಿ. ಎಂ 35-1 ಎಂಬ ಹಳೆಯ ತಳಿ ಅದು, ರೊಟ್ಟಿಗೆ ಇಂದಿಗೂ ಅದನ್ನೇ ಬಯಸುವವರು ಬಹಳ. ಡೋಣಿ ನದಿಯ ಸಾಲಿನ ಜೋಳಕ್ಕೆ ಮೊದಲಿನಿಂದಲೂ ಹೆಸರು. ಡೋಣಿ ಬೆಳೆದರೆ ಓಣಿಗೆಲ್ಲ ಜೋಳ ಎಂಬ ಮಾತೇ ಇದೆ.

ಒಂದು ಹಿಡಿ ತೆಗೆದು ಮೂಸಿ ನೋಡಿ, ಮುಗ್ಗಲು ವಾಸನೆ ಬಂದರೆ ಬಿಡಿ. ಹಲ್ಲಿನಲ್ಲಿ ಕಡಿದಾಗ ಕಟ್ ಎನ್ನಬೇಕು. ಮೆತ್ತಗಿದ್ದರೆ ಒಣಗಿಲ್ಲ ಎಂದೇ ಅರ್ಥ. ನಾಲ್ಕು ಕಿಲೋ ಬೀಸಿಸಿ ರೊಟ್ಟಿ ಬಡಿದು ನೋಡಿ, ಆಮೇಲೆ ಚೀಲ ಕೊಳ್ಳಿ. ಹಿಟ್ಟು ಹದಿನೈದು ದಿನಕ್ಕೆ ಆಗುವಷ್ಟೇ ಬೀಸಿಸಿ. ಹಳತಾದ ಹಿಟ್ಟಿಗೆ ಎಷ್ಟು ಬಿಸಿ ನೀರು ಹಾಕಿ ನಾದಿದರೂ ಜಿಗಿ ಬರುವುದಿಲ್ಲ, ಬಡಿಯುವಾಗ ಅಂಚು ಬಿರಿಯುತ್ತದೆ. ಸಜ್ಜೆ ಹಿಟ್ಟಂತೂ ಇನ್ನೂ ಬೇಗ ಕಹಿಯಾಗುತ್ತದೆ, ಅದರಲ್ಲಿ ಎಣ್ಣೆ ಅಂಶ ಜಾಸ್ತಿ. ವಾರಕ್ಕಾಗುವಷ್ಟು ಸಾಕು.

ಕಟಕ ರೊಟ್ಟಿ ಮಾಡಿಡುವುದಿದ್ದರೆ ಚಳಿಗಾಲವೇ ಸರಿ. ಗಾಳಿಯಲ್ಲಿ ಪಸೆ ಇರುವುದಿಲ್ಲ, ರೊಟ್ಟಿ ಚೆನ್ನಾಗಿ ಒಣಗಿ ತಿಂಗಳುಗಟ್ಟಲೆ ಕೆಡುವುದಿಲ್ಲ.

ಹಸಿಯಾದದ್ದನ್ನು ತಿನ್ನುವುದು ಎಂದಿರಿ. ಸಂತೆಯಲ್ಲಿ ಯಾವಾಗ ಏನು ಹುಡುಕಬೇಕು?

ನವೆಂಬರಿನಲ್ಲಿ ಸೀತಾಫಲ ಮುಗಿಯುತ್ತಾ ಬರುತ್ತದೆ, ಪೇರಲ ಶುರುವಾಗುತ್ತದೆ. ಪಲ್ಯದ, ಎಂದರೆ ಸೊಪ್ಪಿನ, ಸಾಲು ಒಮ್ಮೆಲೇ ಹಸಿರಾಗುತ್ತದೆ. ಮೆಂತ್ಯ, ಪಾಲಕ, ಸಬ್ಬಸಿಗೆ, ರಾಜಗಿರಿ, ಮೂಲಂಗಿ, ಉಳ್ಳಾಗಡ್ಡಿ ತಪ್ಪಲು, ಜೊತೆಗೆ ಹಕ್ಕರಿಕೆ. ಹೊರಗಿನಿಂದ ಬಂದವರು ಹಕ್ಕರಿಕೆಯನ್ನು ಕಂಡೂ ಬಿಟ್ಟು ಹೋಗುತ್ತಾರೆ. ಅದನ್ನು ಬೇಯಿಸಬೇಡಿ. ತೊಳೆದು ಹಸಿಯದನ್ನೇ ಬಿಸಿ ರೊಟ್ಟಿ, ಶೇಂಗಾ ಹಿಂಡಿ (ಚಟ್ನಿಪುಡಿ), ಗಟ್ಟಿ ಮೊಸರಿನ ಜೊತೆ ತಿನ್ನಿ.

ಡಿಸೆಂಬರು ಬಂತೆಂದರೆ ಹಸಿ ತೊಗರಿಕಾಯಿ, ಅವರೆಕಾಯಿ, ಗಜ್ಜರಿ. ಜೊತೆಗೆ ಕಡ್ಲಿ ಪಲ್ಯ. ಕಡಲೆ ಗಿಡ ತಿಂಗಳ ಪ್ರಾಯಕ್ಕೆ ಬಂದಾಗ ರೈತರು ಅದರ ಕುಡಿ ಚಿವುಟುತ್ತಾರೆ. ಚಿವುಟಿದರೆ ಗಿಡ ಪಕ್ಕಕ್ಕೆ ಕವಲೊಡೆದು ಕಾಯಿ ಜಾಸ್ತಿ ಕಟ್ಟುತ್ತದೆ. ಚಿವುಟಿದ ಕುಡಿ ನಮಗೆ ಪಲ್ಯ. ಎಲೆಯ ಮೇಲೆ ಇರುವ ಹುಳಿ ಗಿಡವೇ ಸುರಿಸುವ ಮ್ಯಾಲಿಕ್ ಆಮ್ಲ. ಹಿಂದೆ ರಾತ್ರಿ ಗಿಡಗಳ ಮೇಲೆ ಬಟ್ಟೆ ಹಾಸಿ, ಬೆಳಿಗ್ಗೆ ಇಬ್ಬನಿ ಸಮೇತ ಹಿಂಡಿ ಕಡ್ಲಿ ಹುಳಿ ಮಾಡಿ ಇಡುತ್ತಿದ್ದರು, ಹೊಟ್ಟೆನೋವಿಗೆ ಮನೆಮದ್ದು ಎಂದು. ಹುಳಿ ಹೋಗುತ್ತದೆ ಎಂದು ಹಳಬರು ಈ ಪಲ್ಯ ತೊಳೆಯುವುದಿಲ್ಲ. ಈಗ ಔಷಧಿ ಹೊಡೆಯುವುದು ಮಾಮೂಲಾಗಿದೆ. ಪರಿಚಯದ ಹೊಲದ್ದಲ್ಲವಾದರೆ ತೊಳೆಯುವುದೇ ಮೇಲು, ಹುಳಿ ಸ್ವಲ್ಪ ಕಡಿಮೆಯಾದರೂ ಚಿಂತೆಯಿಲ್ಲ.

ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೋಗಿ ಚರಗ (ಭೂತಾಯಿಗೆ ಎಡೆ) ಚೆಲ್ಲುವ ಹೊತ್ತಿಗೆ ಜೋಳ ತೆನೆ ಹೊತ್ತಿರುತ್ತದೆ. ಆಮೇಲೆ ಸೀತನಿ ಕಾಲ. ಹಾಲುಗಾಳು ಗಟ್ಟಿಯಾಗುವ ಮುಂಚೆ ತೆನೆ ಮುರಿದು, ಕುಳ್ಳಿನ ಕೆಂಡದಲ್ಲಿ ಸುಟ್ಟು, ಬಿಸಿ ಇರುವಾಗಲೇ ತಿಕ್ಕಿ ಕಾಳು ಬಿಡಿಸುತ್ತಾರೆ. ಶೇಂಗಾ ಹಿಂಡಿ, ಬೆಲ್ಲ, ಮೇಲೆ ನಿಂಬೆ. ಇದು ಅಂಗಡಿಯಲ್ಲಿ ಸಿಗುವ ಮಾಲಲ್ಲ. ಹೊಲ ಇರುವ ಗೆಳೆಯರನ್ನು ಈಗಿನಿಂದಲೇ ಚೆನ್ನಾಗಿ ನೋಡಿಕೊಳ್ಳಿ, ಅಷ್ಟೇ ಹೇಳಬಲ್ಲೆ. ಅದರ ಹಿಂದೆಯೇ ಕಡಲೆ ಸುಲಗಾಯಿ, ಬಾರಿಹಣ್ಣು, ಕಬ್ಬು. ಭೋಗಿ ದಿನದ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಹಸಿಕಾಳು-ಗಜ್ಜರಿ ಕೂಡಿಸಿದ ಪಲ್ಯ ನೋಡಿದರೆ ಆ ವಾರದ ಸಂತೆಯೇ ತಾಟಿನಲ್ಲಿ ಇರುತ್ತದೆ.

ಬಾಗಲಕೋಟೆ ಜಿಲ್ಲೆಯವರಿಗೆ ಇನ್ನೊಂದು ಲಾಭ ಇದೆ. ಬಾದಾಮಿಯ ಬನಶಂಕರಿ ಜಾತ್ರೆ ಬನದ ಹುಣ್ಣಿಮೆಗೆ, ಸಾಮಾನ್ಯವಾಗಿ ಜನವರಿಯಲ್ಲಿ. ಅದರ ಮುಂಚೆ ಪಲ್ಯದ ಹಬ್ಬ, ದೇವಿಗೆ 108 ಬಗೆಯ ಪಲ್ಯದ ನೈವೇದ್ಯ. ಆ ಕಾಲಕ್ಕೆ ಊರಲ್ಲಿ ಏನೇನು ಬೆಳೆದಿದೆ ಎಂದು ತಿಳಿಯಲು ಅದಕ್ಕಿಂತ ಒಳ್ಳೆಯ ಪಟ್ಟಿ ಬೇಕಿಲ್ಲ.

ಸಂತೆಗೆ ಬೆಳಿಗ್ಗೆ ಹೋಗಬೇಕಾ, ಸಂಜೆಯಾ?

ಪಲ್ಯಕ್ಕೆ ಬೆಳಿಗ್ಗೆ, ಅಗ್ಗಕ್ಕೆ ಸಂಜೆ. ವಿಜಯಪುರದ ಲಾಲ್ ಬಹಾದ್ದೂರ್ ಶಾಸ್ತ್ರಿ ಮಾರುಕಟ್ಟೆಯಾಗಲಿ, ಹಳ್ಳಿಯ ವಾರದ ಸಂತೆಯಾಗಲಿ, ಕಾಯಂ ಅಂಗಡಿಯ ಸಾಲು ದಾಟಿ ಮುಂದೆ ಹೋಗಿ. ಗೋಣಿಚೀಲ ಹಾಸಿ ನಾಲ್ಕೇ ಬಗೆಯ ಪಲ್ಯ ಇಟ್ಟುಕೊಂಡು ಕುಳಿತ ಅಜ್ಜಿಯರು ಸಿಗುತ್ತಾರೆ. ನಾಲ್ಕೇ ಬಗೆ ಇದ್ದರೆ ಹೆಚ್ಚಾಗಿ ಸ್ವಂತ ಹೊಲದ್ದು. ಹದಿನೈದು ಬಗೆ ಇದ್ದರೆ ಹರಾಜಿನಲ್ಲಿ ಹಿಡಿದು ತಂದದ್ದು.

ಚೌಕಾಸಿ ಮಾಡುವುದು ತಪ್ಪಲ್ಲ. ಆದರೆ ಮೆಂತ್ಯದ ಒಂದು ಸಿವುಡಿಗೆ ಎರಡು ರೂಪಾಯಿ ಇಳಿಸಲು ಹತ್ತು ನಿಮಿಷ ವಾದ ಮಾಡಿ, ಆಮೇಲೆ ದೊಡ್ಡ ಅಂಗಡಿಯಲ್ಲಿ ಬರೆದಷ್ಟು ದುಡ್ಡು ಸುಮ್ನೆ ಕೊಟ್ಟು ಬರುವುದು ನನಗಂತೂ ಸೇರುವುದಿಲ್ಲ. “ಯಾವ ಊರಿನವರು, ಯವ್ವಾ?” ಎಂದು ಕೇಳಿ ನೋಡಿ. ಮುಂದಿನ ವಾರ ನಿಮಗೆಂದೇ ಒಂದು ಸಿವುಡು ತೆಗೆದಿಟ್ಟಿರುತ್ತಾರೆ.

ಉಳ್ಳಾಗಡ್ಡಿ ಈಗ ಕೊಂಡು ಇಡಬಹುದಾ?

ಇಲ್ಲ. ಅಕ್ಟೋಬರ್-ನವೆಂಬರಿಗೆ ಬರುವ ಮುಂಗಾರಿ ಗಡ್ಡೆಯಲ್ಲಿ ನೀರು ಜಾಸ್ತಿ, ಬೇಗ ಮೊಳಕೆ ಬರುತ್ತದೆ, ಕೊಳೆಯುತ್ತದೆ. ಎರಡು ವಾರಕ್ಕೆ ಆಗುವಷ್ಟು ತನ್ನಿ. ಇಡುವುದಿದ್ದರೆ ಬೇಸಿಗೆಯ ಗಡ್ಡೆ. ಮತ್ತು ಆಲೂಗಡ್ಡೆಯ ಜೊತೆ ಒಂದೇ ಬುಟ್ಟಿಯಲ್ಲಿ ಬೇಡ.

ನಿಂಬೆ ಉಪ್ಪಿನಕಾಯಿ ಯಾವಾಗ ಹಾಕಬೇಕು?

ಈಗಲೇ ಹಾಕಿಬಿಡಿ. ನಿಂಬೆಗೆ ದರ ಏರುವುದು ಮಾರ್ಚ್-ಏಪ್ರಿಲ್ ಬಿಸಿಲಿಗೆ. ಚಳಿಯಲ್ಲಿ ಕೇಳುವವರು ಕಡಿಮೆ. ನಮ್ಮ ಇಂಡಿ ತಾಲೂಕಿನ ನಿಂಬೆಗೆ 2023ರಲ್ಲಿ ಭೌಗೋಳಿಕ ಗುರುತು (ಜಿಐ ಟ್ಯಾಗ್) ಸಿಕ್ಕಿದೆ. ತೆಳು ಸಿಪ್ಪೆ, ರಸ ಭರ್ತಿ. ಉಪ್ಪಿನಕಾಯಿಗೆ ತೆಳು ಸಿಪ್ಪೆಯದೇ ಬೇಕು, ಬೇಗ ಮೆತ್ತಗಾಗುತ್ತದೆ. ಉಪ್ಪು ಬೆರೆಸಿ ಭರಣಿಯ ಬಾಯಿಗೆ ಬಟ್ಟೆ ಕಟ್ಟಿ ಮಾಳಿಗೆಯ ಬಿಸಿಲಿಗೆ ಇಡಿ.

ಬೆಲ್ಲ ಬಣ್ಣ ನೋಡಿ ಕೊಳ್ಳಬೇಕಾ?

ಬಣ್ಣಕ್ಕೆ ಮರುಳಾಗದಿರುವುದೇ ಮುಖ್ಯ. ಕಬ್ಬು ನುರಿಸುವುದು ಅಕ್ಟೋಬರ್-ನವೆಂಬರಿಗೆ ಶುರು, ಹಾಗಾಗಿ ಚಳಿಗಾಲವಿಡೀ ಹೊಸ ಬೆಲ್ಲ ಸಿಗುತ್ತದೆ. ಬಾಗಲಕೋಟೆ ಜಿಲ್ಲೆಯ ಮಹಾಲಿಂಗಪುರ, ಮುಧೋಳ ಕಡೆಯ ಬೆಲ್ಲ ಹೆಸರು ಮಾಡಿದ್ದು. ನಿಂಬೆಹಣ್ಣಿನಂತೆ ಹಳದಿಯಾಗಿ ಹೊಳೆಯುವ ಬೆಲ್ಲಕ್ಕೆ ಬಣ್ಣ ತಿಳಿ ಮಾಡುವ ಹೈಡ್ರೋಸ್ ಎಂಬ ರಾಸಾಯನಿಕ ಪುಡಿ ಹಾಕಿರುವ ಸಾಧ್ಯತೆ ಜಾಸ್ತಿ. ಕಂದು ಬಣ್ಣ ಇದ್ದ ಮಾತ್ರಕ್ಕೆ ಶುದ್ಧ ಎಂದೂ ಅಲ್ಲ, ಹಳೆಯ ಬೆಲ್ಲವೂ ಕಪ್ಪಾಗುತ್ತದೆ. ನಾಲಿಗೆಗೆ ಇಡಿ. ಉಪ್ಪುಪ್ಪು ಎನಿಸಿದರೆ ಬೇಡ. ನೀರಿನಲ್ಲಿ ಕರಗಿಸಿದಾಗ ತಳದಲ್ಲಿ ಮರಳು ಉಳಿದರೂ ಬೇಡ. ಆಗುವುದಾದರೆ ಗಾಣಕ್ಕೇ ಹೋಗಿ, ಕೊಪ್ಪರಿಗೆಗೆ ಏನು ಹಾಕುತ್ತಾರೆ ಎಂದು ಕಣ್ಣಾರೆ ನೋಡಿ ತನ್ನಿ. ಬಿಸಿ ಬೆಲ್ಲವನ್ನು ಅಲ್ಲೇ ಶೇಂಗಾದ ಜೊತೆ ತಿಂದ ಮೇಲೆ ಪೇಟೆ ಬೆಲ್ಲ ರುಚಿಸುವುದು ಕಷ್ಟ.

ಅಂಟಿನ ಉಂಡಿಗೆ ಏನೇನು ಬೇಕು? ಕರದಂಟು ತಂದರೆ ಆಗುವುದಿಲ್ಲವಾ?

ಆಗುತ್ತದೆ. ಗೋಕಾಕ ಮತ್ತು ಅಮೀನಗಡದ ಕರದಂಟು ಅದೇ ಮನೆತನದ ತಿಂಡಿ. ಕರಿದ ಅಂಟು (ತಿನ್ನುವ ಗೋಂದು), ಬೆಲ್ಲ, ಒಣಹಣ್ಣು. ನೆಂಟರಿಗೆ ಕೊಡಲು ಅದು ಸರಿ. ಮನೆಯಲ್ಲಿ ದಿನಾ ಒಂದೊಂದು ತಿನ್ನಲು, ಬಾಣಂತಿಗೆ ಕೊಡಲು ಉಂಡಿ ಕಟ್ಟುವುದು ಅಗ್ಗ. ಅಂಟು, ಉತ್ತತ್ತಿ, ಒಣಕೊಬ್ಬರಿ, ಗಸಗಸೆ, ಅಳ್ವಿ, ಒಣದ್ರಾಕ್ಷಿ, ಬೆಲ್ಲ, ತುಪ್ಪ. ಒಣದ್ರಾಕ್ಷಿ ತಿಕೋಟಾ ಕಡೆಯದೇ ಇರಲಿ, ದೂರದ್ದು ಯಾಕೆ? ಅಂಟನ್ನು ಮೊದಲು ಬಿಸಿಲಿಗೆ ಇಡಿ, ಆಮೇಲೆ ತುಪ್ಪದಲ್ಲಿ ಸ್ವಲ್ಪ ಸ್ವಲ್ಪವೇ ಕರಿಯಿರಿ. ಒಮ್ಮೆಲೇ ಸುರಿದರೆ ಹೊರಗೆ ಅರಳಿ ಒಳಗೆ ಹಸಿ ಉಳಿಯುತ್ತದೆ, ಹಲ್ಲಿಗೆ ಹತ್ತುತ್ತದೆ.

ಗಾಣದ ಎಣ್ಣೆ ನಿಜಕ್ಕೂ ಗಾಣದ್ದೇ ಎಂದು ತಿಳಿಯುವುದು ಹೇಗೆ?

ಲೆಕ್ಕ ಹಾಕಿ. ಕಿಲೋ ಶೇಂಗಾ ಎಣ್ಣೆಗೆ ಗಾಣದಲ್ಲಿ ಸುಮಾರು ಎರಡೂವರೆ ಕಿಲೋ ಕಾಳು ಬೇಕು. ಎಣ್ಣೆ ತೆಗೆದ ಮೇಲೆ ಉಳಿಯುವ ಹಿಂಡಿಯ ದುಡ್ಡು ಗಾಣದವರಿಗೆ ವಾಪಸ್ ಬರುತ್ತದೆ ನಿಜ. ಹಾಗಿದ್ದರೂ ಎರಡು ಕಿಲೋ ಕಾಳಿನ ದರಕ್ಕಿಂತ ಕಡಿಮೆಗೆ ಎಣ್ಣೆ ಮಾರುತ್ತಿದ್ದರೆ ಅನುಮಾನ ಪಡಿ. ಶೇಂಗಾ ಈಗ ಹೊಸದು, ಕಾಳು ಕೊಂಡು ನೀವೇ ನಿಂತು ಹಿಂಡಿಸುವುದು ಒಳ್ಳೆಯದು. ಮುರುಟಿದ, ಬೂಸು ಹಿಡಿದ ಕಾಳು ಆರಿಸಿ ಎಸೆಯಿರಿ. ಆ ಬೂಸಿನ ವಿಷ ಲಿವರಿಗೆ ಕೆಟ್ಟದ್ದು. ಕುಸುಬೆ ಎಣ್ಣೆ ಬೇಕಾದರೆ ಮಾರ್ಚಿನ ನಂತರ ಹಿಂಡಿಸಿ, ಹೊಸ ಬೀಜ ಆಗ ಬರುತ್ತದೆ.

ಕೌದಿ, ಕಂಬಳಿ, ಗಾದಿ – ಯಾವುದು ಕೊಳ್ಳಬೇಕು?

ಮೂರೂ ಬೇರೆ ಬೇರೆ ಕೆಲಸದವು. ಗಾದಿ ಕೆಳಗಿನ ತಂಪು ತಡೆಯುತ್ತದೆ. ಶಹಾಬಾದ ಕಲ್ಲಿನ ಫರಸಿಯ (ನೆಲಹಾಸಿನ) ಮೇಲೆ ತೆಳು ಚಾಪೆ ಹಾಸಿ ಮಲಗಿದರೆ ಮೇಲೆ ಎಷ್ಟು ಹೊದ್ದರೂ ಬೆನ್ನು ಕೊರೆಯುತ್ತದೆ. ಹೊಸ ಗಾದಿ ಬೇಕಿಲ್ಲ. ಹಳೆಯದು ಗಟ್ಟಿಯಾಗಿದ್ದರೆ ಅರಳೆ ಪಿಂಜುವವರಿಗೆ ಕೊಟ್ಟು ಮತ್ತೆ ಹೊಲಿಸಿ. ದೀಪಾವಳಿಗೆ ಮುಂಚೆ ಕೊಡಿ, ಆಮೇಲೆ ಅವರ ಕೈಗೆ ಪುರಸೊತ್ತು ಇರುವುದಿಲ್ಲ.

ಕೌದಿ ನವೆಂಬರಿನ ಥಂಡಿಗೆ ಸಾಕು. ಹಳೆಯ ನೂಲಿನ ಸೀರೆಗಳನ್ನು ಪದರ ಪದರವಾಗಿ ಸೇರಿಸಿ ಹೊಲಿದದ್ದು. ಪದರಗಳ ನಡುವೆ ನಿಂತ ಗಾಳಿಯೇ ಬೆಚ್ಚಗೆ ಇಡುವುದು. ಮನೆಯಲ್ಲಿ ಸೀರೆಗಳಿದ್ದರೆ ಹೊಲಿದುಕೊಡುವ ಹೆಣ್ಣುಮಕ್ಕಳು ಓಣಿಗೊಬ್ಬರಾದರೂ ಇರುತ್ತಾರೆ. ಸಿಂಥೆಟಿಕ್ ಸೀರೆ ಕೊಡಬೇಡಿ, ಜಾರುತ್ತದೆ, ಬೆವರು ಹೀರುವುದಿಲ್ಲ. ಕೂಲಿಯಲ್ಲಿ ಜಿಪುಣತನವೂ ಬೇಡ. ಒಂದು ಕೌದಿಗೆ ಹಿಡಿಯುವ ಹೊಲಿಗೆ ಎಣಿಸಲು ಕೂತರೆ ನಿಮಗೇ ಗೊತ್ತಾಗುತ್ತದೆ.

ಡಿಸೆಂಬರಿಗೆ ಕಂಬಳಿ. ದಖ್ಖನಿ ಕುರಿಯ ಉಣ್ಣೆಯದ್ದು, ಕುರುಬರು ಕೈಮಗ್ಗದಲ್ಲಿ ನೇಯ್ದದ್ದು. ನೂಲಿಗೆ ಹುಣಸೆ ಬೀಜದ ಗಂಜಿ ಹಾಕಿರುತ್ತಾರೆ, ಅದಕ್ಕೆ ಹೊಸ ಕಂಬಳಿ ಬಿರುಸಾಗಿ ಇರುತ್ತದೆ, ಮೈಗೆ ಚುಚ್ಚುತ್ತದೆ. ಒಳಗೆ ಒಂದು ನೂಲಿನ ಚಾದರ, ಮೇಲೆ ಕಂಬಳಿ. ವರ್ಷ ಕಳೆದಂತೆ ಮೆತ್ತಗಾಗುತ್ತದೆ. ಪೇಟೆಯಲ್ಲಿ ಕಂಬಳಿ ಎಂದು ಕೊಡುವ ಎಷ್ಟೋ ಮಾಲು ಅಕ್ರಿಲಿಕ್. ಒಂದು ಎಳೆ ಕಿತ್ತು ಸುಟ್ಟು ನೋಡಿ. ಉಣ್ಣೆ ಸುಟ್ಟರೆ ಕೂದಲು ಸುಟ್ಟ ವಾಸನೆ, ಬೂದಿ ಪುಡಿಯಾಗುತ್ತದೆ. ಪ್ಲಾಸ್ಟಿಕ್ ಎಳೆ ಕರಗಿ ಗಂಟಾಗುತ್ತದೆ.

ಪೆಟ್ಟಿಗೆಯಿಂದ ತೆಗೆದ ಹಾಸಿಗೆ ಏನೇ ಇರಲಿ, ಮೊದಲು ಎರಡು ದಿನ ಮಾಳಿಗೆಯ ಬಿಸಿಲು ಕಾಣಿಸಿ, ಕೋಲಿನಿಂದ ಬಡಿಯಿರಿ. ಹೊರಸಿದ್ದರೆ ಬಿಸಿಲಿಗೆ ಎತ್ತಿ, ತಗಣೆ ಕಾಟ ಕಡಿಮೆಯಾಗುತ್ತದೆ.

ಆರ್‌ಸಿಸಿ ಮನೆ ರಾತ್ರಿ ಕೊರೆಯುತ್ತದೆ. ಹೀಟರ್ ಇಲ್ಲದೆ ಬೆಚ್ಚಗೆ ಇಡಲು ಆಗುತ್ತದಾ?

ಹಳೆಯ ಮಣ್ಣಿನ ಮಾಳಿಗೆ ಮನೆಗಳಿಗೆ ಈ ತೊಂದರೆ ಇರಲಿಲ್ಲ. ದಪ್ಪ ಗೋಡೆ ಹಗಲಿನ ಬಿಸಿಯನ್ನು ನಿಧಾನ ಒಳಗೆ ಬಿಡುತ್ತಿತ್ತು. ಸಿಮೆಂಟಿನ ತೆಳು ಸ್ಲ್ಯಾಬು ಅಷ್ಟು ಹೊತ್ತು ಹಿಡಿದಿಡುವುದಿಲ್ಲ. ಆದರೂ ಕೆಲಸ ಇದೆ. ಚಳಿಗಾಲದ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ದಕ್ಷಿಣದ ಕಿಟಕಿಯ ಪರದೆ ಹಗಲೆಲ್ಲ ಸರಿಸಿ ಇಡಿ, ಬಿಸಿಲು ನೆಲಕ್ಕೆ ಬೀಳಲಿ. ಸಂಜೆ ಐದೂವರೆಗೆ ಎಲ್ಲ ಮುಚ್ಚಿ. ಕತ್ತಲಾದ ಮೇಲೆ ಮುಚ್ಚಿದರೆ ಬಿಸಿ ಹೋಗಿಯೇ ಬಿಟ್ಟಿರುತ್ತದೆ. ಮೂಡಗಾಳಿ ಬೀಸುವ ಪೂರ್ವ, ಉತ್ತರದ ಬಾಗಿಲ ಸಂದಿಗೆ ಹಳೆಯ ಬಟ್ಟೆಯ ಸುರುಳಿ ಇಡಿ. ಕಿಟಕಿಯ ಚೌಕಟ್ಟೇ ಸೊಟ್ಟಗಾಗಿದ್ದರೆ ಬಡಿಗೇರರನ್ನು ಕರೆಸಿ. ಹೊಸ ಬಾಗಿಲು, ಚೌಕಟ್ಟು ಬೇಕಾದವರು ಬನಶಂಕರಿ ಜಾತ್ರೆಗೆ ಕಾಯುವುದೂ ಉಂಟು, ಅಲ್ಲಿ ಕಟ್ಟಿಗೆ ಬಾಗಿಲಿನ ವ್ಯಾಪಾರ ಜೋರು. ಆದರೆ ಅಷ್ಟರಲ್ಲಿ ಅರ್ಧ ಥಂಡಿ ಮುಗಿದಿರುತ್ತದೆ.

ಮಲಗುವ ಕೋಣೆಯಲ್ಲಿ ಶೇಗಡಿ (ಇದ್ದಿಲ ಒಲೆ) ಇಡಬಹುದಾ?

ಇಡಲೇಬೇಡಿ. ಇದ್ದಿಲ ಕೆಂಡ ಉರಿಯುವಾಗ ಕಾರ್ಬನ್ ಮಾನಾಕ್ಸೈಡ್ ಬರುತ್ತದೆ. ಬಣ್ಣ ಇಲ್ಲ, ವಾಸನೆ ಇಲ್ಲ. ಮುಚ್ಚಿದ ಕೋಣೆಯಲ್ಲಿ ನಿದ್ದೆಯಲ್ಲೇ ಜೀವ ಹೋಗುತ್ತದೆ. ಹೊಗೆ ಇಲ್ಲವಲ್ಲ ಎಂದು ಸಮಾಧಾನ ಪಟ್ಟುಕೊಳ್ಳಬೇಡಿ. ಬೆಂಕಿ ಕಾಯಿಸುವುದು ಅಂಗಳದಲ್ಲಿ, ಕಟ್ಟೆಯ ಮೇಲೆ. ಗ್ಯಾಸ್ ಗೀಸರೂ ಇದೇ ಜಾತಿ. ಅದನ್ನು ಬಚ್ಚಲಿನ ಹೊರಗೆ ಕೂರಿಸಿ, ಒಳಗೆ ನೀರಿನ ಪೈಪು ಮಾತ್ರ ಬರಲಿ.

ಸ್ನಾನದ ನೀರಿಗೆ ಯಾವುದು ಒಳ್ಳೆಯದು?

ಸೋಲಾರ್ ಇದ್ದರೆ ಅದೇ. ಚಳಿಗಾಲದಲ್ಲೂ ಇಲ್ಲಿ ಮೋಡ ಕಡಿಮೆ. ಆದರೆ ನಮ್ಮ ಬೋರಿನದು ಸವಳು ನೀರು, ಟ್ಯೂಬಿನೊಳಗೆ ಸುಣ್ಣ ಕಟ್ಟುತ್ತದೆ. ಥಂಡಿಗೆ ಮುಂಚೆ ಒಮ್ಮೆ ತೊಳೆಸಿ, ಮೇಲಿನ ಧೂಳೂ ಒರೆಸಿ. ಸಾಧ್ಯವಿದ್ದವರು ಸಂಜೆ ಸ್ನಾನ ಮಾಡಿ, ನೀರು ಆಗಲೇ ಹೆಚ್ಚು ಬಿಸಿ. ಕರೆಂಟಿನ ಕಾಯಿಲ್ ಬಳಸುವವರು ಐಎಸ್‌ಐ ಗುರುತಿನದ್ದೇ ಕೊಳ್ಳಿ, ಕಬ್ಬಿಣದ ಬಕೆಟ್ಟಿಗೆ ಹಾಕಬೇಡಿ. ಸ್ವಿಚ್ಚು ಆರಿಸಿ ಪ್ಲಗ್ಗು ಕಿತ್ತ ಮೇಲೆಯೇ ನೀರಿಗೆ ಕೈ. ಬಾಡಿಗೆ ಕೋಣೆಯ ಹುಡುಗರೇ, ಇದು ನಿಮಗೇ ಹೇಳಿದ್ದು.

ಮೊಸರು ಹೆಪ್ಪಾಗುವುದೇ ಇಲ್ಲ. ಏನು ಮಾಡಲಿ?

ಹಾಲು ಬೆರಳಿಗೆ ತಾಳುವಷ್ಟು ಬಿಸಿ ಇರುವಾಗಲೇ ಹೆಪ್ಪು ಹಾಕಿ, ಬೇಸಿಗೆಗಿಂತ ಒಂದು ಚಮಚ ಜಾಸ್ತಿ. ಪಾತ್ರೆಯನ್ನು ಜೋಳದ ಡಬ್ಬಿಯ ಕಾಳಿನ ನಡುವೆ ಹುಗಿದಿಡಿ ಅಥವಾ ಹಳೆಯ ಶಾಲು ಸುತ್ತಿ. ದೋಸೆ ಹಿಟ್ಟಿಗೂ ಇದೇ ಉಪಾಯ.

ನಾವು ಬೆಳಗಾವಿಯಲ್ಲಿ ಇದ್ದೇವೆ. ಇದೆಲ್ಲ ನಮಗೂ ಅನ್ವಯಿಸುತ್ತದಾ?

ಅರ್ಧ. ನಿಮ್ಮ ಊರು ಎತ್ತರದಲ್ಲಿದೆ, ಸಹ್ಯಾದ್ರಿ ಪಕ್ಕದಲ್ಲಿದೆ, ಮಳೆ ಜಾಸ್ತಿ. ಮಳೆಗಾಲ ಮುಗಿದ ಮೇಲೂ ಗೋಡೆ ತೇವವಾಗಿರುತ್ತದೆ, ಹಾಗಾಗಿ ಅಕ್ಟೋಬರಿನಲ್ಲಿ ಮೊದಲು ಮನೆ ಒಣಗಿಸುವ ಕೆಲಸ. ಕಪಾಟು ಗೋಡೆಯಿಂದ ನಾಲ್ಕು ಬೆರಳು ಮುಂದೆ ಎಳೆಯಿರಿ. ಕೊಳ್ಳುವ ಲೆಕ್ಕವೂ ತಿರುವುಮುರುವು. ಖಾನಾಪುರ ಕಡೆಯ ಭತ್ತದ ಕೊಯ್ಲು ದೀಪಾವಳಿ ಆಸುಪಾಸಿನದು, ಅಕ್ಕಿ ನೀವು ಚಳಿಗಾಲದಲ್ಲೇ ಕೊಂಡು ಇಡಬಹುದು. ಹೊಸ ಅಕ್ಕಿ ಅನ್ನಕ್ಕೆ ಮುದ್ದೆಯಾಗುತ್ತದೆ, ಎರಡು-ಮೂರು ತಿಂಗಳು ಹಳತಾಗಲಿ. ಬೆಳಗಾವಿಯ ಗೆಣಸೂ ಅದೇ ಕಾಲಕ್ಕೆ ಬರುತ್ತದೆ. ಜೋಳಕ್ಕೆ ಮಾತ್ರ ನೀವೂ ನಮ್ಮ ಸುಗ್ಗಿ ಕಾಯಬೇಕು.

ಸಂಕ್ರಾಂತಿ ಆಯಿತು. ಈಗ ಕೊಂಡ ತೊಗರಿ, ಕಡಲೆ ಮಳೆಗಾಲ ದಾಟುವ ಹಾಗೆ ಇಡುವುದು ಹೇಗೆ?

ವಿಜಯಪುರದ ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆ ಮುಗಿಸಿ ಬಂದವರು ಕೇಳುವ ಪ್ರಶ್ನೆ. ಕಾಳಿನೊಳಗಿನ ಹುಳು ಹೆಚ್ಚಿನ ಸಲ ಹೊಲದಿಂದಲೇ ಮೊಟ್ಟೆಯಾಗಿ ಬಂದಿರುತ್ತದೆ. ಆದ್ದರಿಂದ ಡಬ್ಬಿ ಎಷ್ಟೇ ಗಟ್ಟಿ ಇದ್ದರೂ ಒಣಗಿಸದೆ ತುಂಬಿದರೆ ಉಪಯೋಗ ಇಲ್ಲ. ಎರಡು-ಮೂರು ದಿನ ತಾಡಪತ್ರಿಯ ಮೇಲೆ ತೆಳುವಾಗಿ ಹರಡಿ ಒಣಗಿಸಿ. ಸಂಜೆ ಒಳಗೆ ತಂದು, ಬಿಸಿ ಪೂರ್ತಿ ಆರಿದ ಮೇಲೆ ತುಂಬಿ. ಬಿಸಿ ಇರುವಾಗ ತುಂಬಿದರೆ ಡಬ್ಬಿಯ ಒಳಗೆ ನೀರು ಬೆವರಿ ಬೂಸು ಬರುತ್ತದೆ. ಬೇಳೆಗೆ ಅಂಗೈಯಲ್ಲಿ ಔಡಲೆಣ್ಣೆ ಹಚ್ಚಿಕೊಂಡು ತಿಕ್ಕಿ, ಕಿಲೋಗೆ ಒಂದು ಚಮಚ ಬೇಕಾದೀತು. ಕಾಳಿಗೆ ಒಣಗಿದ ಬೇವಿನ ಎಲೆ ಹಾಕಿ, ಹಸಿ ಎಲೆ ಬೇಡ. ಡಬ್ಬಿ ಬಾಯಿಯವರೆಗೆ ತುಂಬಿರಲಿ, ಗಾಳಿಗೆ ಜಾಗ ಕಡಿಮೆ ಇದ್ದಷ್ಟೂ ಹುಳು ಕಡಿಮೆ. ದಿನ ಬಳಕೆಗೆ ಬೇರೆ ಸಣ್ಣ ಡಬ್ಬಿ ಇಟ್ಟುಕೊಳ್ಳಿ, ದೊಡ್ಡದನ್ನು ಪದೇ ಪದೇ ತೆರೆಯಬೇಡಿ.